ದುಬಾರಿ ಎಂಜಿನಿಯರಿಂಗ್ ಕಿಟ್ ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆಯೇ?

ಸಂದೇಶದಲ್ಲಿ ಏನಿದೆ?

‘ಐದು ವರ್ಷಕ್ಕೆ ಮಗುವಿನ ಮೆದುಳಿನ ಬೆಳವಣಿಗೆ ಮುಗಿಯುತ್ತದೆ, ಅಷ್ಟರೊಳಗೆ ಎಂಜಿನಿಯರಿಂಗ್ ಕಿಟ್ ಕೊಡಿಸಿ’ ಎಂಬ ಧಾಟಿಯ ಸಂದೇಶಗಳು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಕೆಳಗೆ ಸಾವಿರಾರು ರೂಪಾಯಿಯ ಕಿಟ್‌ನ ಲಿಂಕ್ ಇರುತ್ತದೆ. ಕೊಡಿಸಲಾಗದವರಿಗೆ ಮಗುವಿಗೆ ಅನ್ಯಾಯ ಮಾಡುತ್ತಿದ್ದೇವೇನೋ ಎಂಬ ಅಳುಕು. ಇದರಲ್ಲಿ ನಿಜ ಎಷ್ಟು ಎಂದು ನಾವು ಪರಿಶೀಲಿಸಿದೆವು.

ನಿಜವೇನು?

ಇದು ಅರ್ಧಸತ್ಯ. ಆರು ವರ್ಷದ ಹೊತ್ತಿಗೆ ಮೆದುಳಿನ ಗಾತ್ರ ದೊಡ್ಡವರ ಮೆದುಳಿನ ಸುಮಾರು ಶೇ. 90ರಷ್ಟಾಗುತ್ತದೆ. ಆದರೆ ಗಾತ್ರ ಬೇರೆ, ಬೆಳವಣಿಗೆ ಬೇರೆ. ನರಕೋಶಗಳ ಜೋಡಣೆ 25ರ ಆಸುಪಾಸಿನವರೆಗೂ ನಡೆಯುತ್ತಲೇ ಇರುತ್ತದೆ.

ಕಟ್ಟುವ ಆಟದಿಂದ ಲಾಭವಿಲ್ಲವೇ? ಇದೆ. ಅಮೆರಿಕದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ 175 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬ್ಲಾಕ್‌ಗಳನ್ನು ಪಡೆದವರ ಪೈಕಿ ಕಡಿಮೆ ಮತ್ತು ಮಧ್ಯಮ ವರಮಾನದ ಮನೆಗಳ ಮಕ್ಕಳ ಭಾಷಾ ಅಂಕಗಳು ಹೆಚ್ಚಿದ್ದವು. ಗಮನಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಹಣ ಕೊಟ್ಟಿದ್ದು ಆಟಿಕೆ ಕಂಪನಿ. ಹಾಗಾಗಿ ಇದನ್ನೇ ಅಂತಿಮ ಸಾಕ್ಷ್ಯ ಎನ್ನಲಾಗದು. ಬಳಸಿದ್ದು ಸಾಮಾನ್ಯ ಬ್ಲಾಕ್‌ಗಳು ಎಂಬುದನ್ನೂ ಗಮನಿಸಿ.

ಒಳ್ಳೆಯ ಆಟಿಕೆ ದುಬಾರಿಯೋ ಎಲೆಕ್ಟ್ರಾನಿಕ್ಕೋ ಆಗಬೇಕಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2018ರಲ್ಲಿ ಹೇಳಿದೆ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್‌ಟ್ಯೂಬಿನ ತುಂಡುಗಳಿಂದಲೇ ಮಕ್ಕಳಿಗೆ ಜ್ಯಾಮಿತಿ ಕಲಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮನೆಯಲ್ಲೇ ಏನು ಮಾಡಬಹುದು?

• 1–3 ವರ್ಷ: ಸ್ಟೀಲ್ ಲೋಟ, ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುವುದು, ಒಂದರೊಳಗೊಂದು ಇಡುವುದು.

• 3–5 ವರ್ಷ: ಖಾಲಿ ಬೆಂಕಿಪೊಟ್ಟಣಗಳ ಗೋಪುರ. ಬುಡ ಅಗಲವಿದ್ದರೆ ಗೋಪುರ ಬೇಗ ಬೀಳುವುದಿಲ್ಲ ಎಂಬುದು ಬೀಳಿಸಿ ಬೀಳಿಸಿಯೇ ತಿಳಿಯುತ್ತದೆ.

• 5 ವರ್ಷದ ಮೇಲೆ: ಕಾಗದದ ಸೇತುವೆ. ಎರಡು ಪುಸ್ತಕದ ರಾಶಿಗಳ ನಡುವೆ ಒಂದು ಹಾಳೆ ಇಟ್ಟು ಮೇಲೆ ನಾಣ್ಯ ಇಡಿ. ಹಾಳೆ ಬಾಗಿ ಬೀಳುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ, ಮಡಿಕೆಗಳು ಒಂದು ರಾಶಿಯಿಂದ ಇನ್ನೊಂದಕ್ಕೆ ಚಾಚುವಂತೆ ಇಡಿ. ಈಗ ಹಲವು ನಾಣ್ಯಗಳನ್ನು ಹೊರುತ್ತದೆ. ತೂಕ ಬಿದ್ದಾಗ ಎತ್ತರದ ಮಡಿಕೆಗಳು ಸುಲಭವಾಗಿ ಬಾಗುವುದಿಲ್ಲ. ಚಾವಣಿಯ ತಗಡಿನ ಶೀಟಿಗೆ ಅಲೆಯಂಥ ಮಡಿಕೆ ಇರುವುದೂ ಇದಕ್ಕೇ.

ಗೋಪುರ ಬಿದ್ದರೆ ನೀವೇ ಕಟ್ಟಿಕೊಡಬೇಡಿ. ‘ಯಾಕೆ ಬಿತ್ತು? ದೊಡ್ಡದನ್ನು ಕೆಳಗಿಟ್ಟರೆ ಏನಾಗುತ್ತೆ?’ ಎಂದು ಕೇಳಿ. ಮೇಲೆ, ಕೆಳಗೆ, ನಡುವೆ, ಪಕ್ಕದಲ್ಲಿ ಎಂಬ ಮಾತುಗಳು ಮಗುವಿಗೆ ಕೈಯಲ್ಲಿರುವ ವಸ್ತುವಿನೊಂದಿಗೇ ಅರ್ಥವಾಗುತ್ತವೆ.

ಎಚ್ಚರ ಇರಲಿ

ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬಾಯಿಯೊಳಗೆ ಹೋಗುವಷ್ಟು ಚಿಕ್ಕ ವಸ್ತು ಕೊಡಬೇಡಿ. ನಾಣ್ಯದ ಆಟದಲ್ಲಿ ದೊಡ್ಡವರು ಜೊತೆಗಿರಲಿ. ಬೆಂಕಿಕಡ್ಡಿಯ ಮದ್ದನ್ನು ದೊಡ್ಡವರೇ ಮೊದಲು ಕೆರೆದು ತೆಗೆಯಬೇಕು.

ಕಿಟ್‌ಗಳಲ್ಲಿರುವ ಬಟನ್ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟ ಗಾಯವಾಗಬಹುದು. ಒಂದಕ್ಕಿಂತ ಹೆಚ್ಚು ಬಲವಾದ ಮ್ಯಾಗ್ನೆಟ್ ನುಂಗಿದರೆ ಅವು ಒಂದನ್ನೊಂದು ಸೆಳೆದು ಕರುಳನ್ನು ತೂತು ಮಾಡಬಹುದು. ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೋಗಿ, ವಾಂತಿ ಮಾಡಿಸಬೇಡಿ. ಆಟಿಕೆ ಕೊಳ್ಳುವುದಾದರೆ ಐಎಸ್ಐ ಗುರುತು ನೋಡಿ. 2021ರ ಜನವರಿಯಿಂದ ಭಾರತದಲ್ಲಿ ಅದು ಕಡ್ಡಾಯ.

ನಮ್ಮ ತೀರ್ಮಾನ

ಐದು ವರ್ಷಕ್ಕೆ ಬೆಳವಣಿಗೆ ಮುಗಿಯುತ್ತದೆ ಎಂಬುದು ತಪ್ಪು. ಕಿಟ್ ಇಲ್ಲದ ಮಗು ಹಿಂದೆ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೊಡಿಸಬಲ್ಲವರು ಕೊಡಿಸಲಿ, ತಪ್ಪಿಲ್ಲ. ಆದರೆ ಮಗುವಿಗೆ ಬೇಕಾದ್ದು ಕಟ್ಟಲು ಏನಾದರೊಂದು, ಬೀಳಿಸಲು ಬಿಡುವು, ಪಕ್ಕದಲ್ಲಿ ಕೂತು ಮಾತಾಡುವ ಒಬ್ಬರು. ಆ ಸಂದೇಶ ನಿಮಗೂ ಬಂದರೆ ಫಾರ್ವರ್ಡ್ ಮಾಡುವ ಬದಲು ಕಾಗದದ ಸೇತುವೆಯ ಆಟ ಕಳಿಸಿ.