ರಾಜ್ಯಶಾಸ್ತ್ರ ಅಧ್ಯಯನ: ಕಂಠಪಾಠದಿಂದ ಚಿಂತನೆಯೆಡೆಗೆ

ಪದವಿಪೂರ್ವ ಶಿಕ್ಷಣ ಮುಗಿಸಿ ಬಿ.ಎ. ತರಗತಿಗೆ ಬರುವ ಅನೇಕ ವಿದ್ಯಾರ್ಥಿಗಳು, ರಾಜ್ಯಶಾಸ್ತ್ರವೆಂದರೆ ಸಂವಿಧಾನದ ವಿಧಿಗಳನ್ನೂ ರಾಷ್ಟ್ರಪತಿಯ ಅಧಿಕಾರಗಳನ್ನೂ ಕಂಠಪಾಠ ಮಾಡುವುದೆಂದೇ ಭಾವಿಸಿರುತ್ತಾರೆ. ವಿಶ್ವವಿದ್ಯಾನಿಲಯ ಮಟ್ಟದಲ್ಲಿ ಈ ವಿಷಯದ ವ್ಯಾಪ್ತಿ ಅದಕ್ಕಿಂತ ಹಿರಿದು. ಸರ್ಕಾರ ಹೇಗೆ ನಡೆಯುತ್ತದೆ ಎಂಬುದರ ಜೊತೆಗೆ, ಅದಕ್ಕೆ ಪ್ರಜೆ ಏಕೆ ವಿಧೇಯನಾಗಿರಬೇಕು ಎಂಬ ಪ್ರಶ್ನೆಯೂ ಇಲ್ಲಿ ಪಠ್ಯದ ಭಾಗವಾಗುತ್ತದೆ.

ಪ್ರಮುಖ ಶಾಖೆಗಳು: ರಾಜಕೀಯ ಸಿದ್ಧಾಂತ, ಭಾರತದ ಸರ್ಕಾರ ಮತ್ತು ರಾಜಕೀಯ, ತುಲನಾತ್ಮಕ ರಾಜಕೀಯ, ಅಂತಾರಾಷ್ಟ್ರೀಯ ಸಂಬಂಧಗಳು ಹಾಗೂ ಸಾರ್ವಜನಿಕ ಆಡಳಿತ. ಇವುಗಳಲ್ಲಿ ಸಿದ್ಧಾಂತವೇ ತಳಹದಿ. ವಿದ್ಯಾರ್ಥಿಗಳು ಕಠಿಣವೆಂದು ಅಂಜುವುದೂ ಅದಕ್ಕೇ.

ಸಾಮಾಜಿಕ ಒಪ್ಪಂದದ ಉದಾಹರಣೆಯನ್ನೇ ನೋಡಬಹುದು. ಅರಾಜಕತೆಗೆ ಅಂಜಿದ ಥಾಮಸ್ ಹಾಬ್ಸ್ 1651ರಲ್ಲಿ ಪ್ರಬಲ ಪರಮಾಧಿಕಾರವನ್ನು ಸಮರ್ಥಿಸಿದ. ಜಾನ್ ಲಾಕ್, ಜನರ ವಿಶ್ವಾಸಕ್ಕೆ ದ್ರೋಹ ಬಗೆದ ಸರ್ಕಾರವನ್ನು ಕಿತ್ತೊಗೆಯುವ ಹಕ್ಕನ್ನು ಪ್ರತಿಪಾದಿಸಿದ. ರೂಸೋ 1762ರಲ್ಲಿ ಪರಮಾಧಿಕಾರವನ್ನು ಜನತೆಯಲ್ಲೇ ನೆಲೆಗೊಳಿಸಿದ. ಪರಿಕಲ್ಪನೆ ಒಂದೇ, ತೀರ್ಮಾನಗಳು ಮೂರು. ಈ ವ್ಯತ್ಯಾಸದ ಕಾರಣಗಳನ್ನು ಶೋಧಿಸುವುದೇ ಸಿದ್ಧಾಂತದ ಅಧ್ಯಯನ.

ಈ ಚಿಂತನೆ ಪಾಶ್ಚಾತ್ಯರಿಗಷ್ಟೇ ಸೀಮಿತವಲ್ಲ. ಕೌಟಿಲ್ಯನ 'ಅರ್ಥಶಾಸ್ತ್ರ'ದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, ಅದು 1909ರಲ್ಲಿ ಮುದ್ರಣಗೊಂಡಿತು. ಗಾಂಧೀಜಿಯವರು 'ಹಿಂದ್ ಸ್ವರಾಜ್' ಬರೆದದ್ದೂ ಅದೇ ವರ್ಷ. ಅಂಬೇಡ್ಕರ್ ಅವರ 'ಜಾತಿ ವಿನಾಶ' 1936ರಲ್ಲಿ ಪ್ರಕಟವಾಯಿತು. ಹಿಂದುಳಿದವರಿಗೆ ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯ ಕುರಿತು ಪರಿಶೀಲಿಸಲು ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ಎದ್ದದ್ದು ಅರ್ಹತೆ ಮತ್ತು ಸಮಾನತೆಗಳ ನಡುವಣ ಪ್ರಶ್ನೆ. ಜಾನ್ ರಾಲ್ಸ್ ಅವರ ನ್ಯಾಯ ಸಿದ್ಧಾಂತ (1971) ಓದುವ ಕನ್ನಡದ ವಿದ್ಯಾರ್ಥಿ ಈ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ವಿಷಯ ಸುಲಭಗ್ರಾಹ್ಯವಾಗುತ್ತದೆ.

ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. 'ಸೆಕ್ಯುಲರ್' ಎಂಬುದಕ್ಕೆ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ಮೂರೂ ಬಳಕೆಯಲ್ಲಿವೆ. ಮೊದಲನೆಯದು ಜಾತಿಯನ್ನು ಮೀರುವುದನ್ನು, ಎರಡನೆಯದು ಧರ್ಮದಿಂದ ದೂರ ಉಳಿಯುವುದನ್ನು, ಮೂರನೆಯದು ಎಲ್ಲ ಧರ್ಮಗಳನ್ನು ಸಮಾನವಾಗಿ ಕಾಣುವುದನ್ನು ಸೂಚಿಸುತ್ತದೆ. ಪದದ ಆಯ್ಕೆಯೊಂದಿಗೆ ವಾದದ ದಿಕ್ಕೂ ಬದಲಾಗುತ್ತದೆ. ಆದ್ದರಿಂದ ಗೈಡುಗಳನ್ನಷ್ಟೇ ನೆಚ್ಚದೆ ಮೂಲಕೃತಿಯ ಒಂದೆರಡು ಅಧ್ಯಾಯಗಳನ್ನಾದರೂ ಓದುವುದು ಅಗತ್ಯ.

ಮುಂದಿನ ಅವಕಾಶಗಳು: ಪದವಿಯ ನಂತರ ಎರಡು ವರ್ಷಗಳ ಎಂ.ಎ., ಅನಂತರ ಎನ್‌ಇಟಿ ಅಥವಾ ಕೆ-ಸೆಟ್ ಮೂಲಕ ಅಧ್ಯಾಪನದ ಹಾದಿಯಿದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ 'ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು' ಐಚ್ಛಿಕ ವಿಷಯವಾಗಿದ್ದು, ತಲಾ 250 ಅಂಕಗಳ ಎರಡು ಪತ್ರಿಕೆಗಳಿವೆ. ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಪತ್ರಿಕೋದ್ಯಮ, ಕಾನೂನು, ಸ್ವಯಂಸೇವಾ ಸಂಸ್ಥೆಗಳಲ್ಲೂ ಈ ವ್ಯಾಸಂಗ ನೆರವಾಗುತ್ತದೆ.

ಪದವಿಯೊಂದೇ ಉದ್ಯೋಗದ ಖಾತರಿಯಲ್ಲ. ಆದರೆ ಎದುರಾಳಿಯ ವಾದವನ್ನು ಅವನಿಗಿಂತ ಸ್ಪಷ್ಟವಾಗಿ ಮಂಡಿಸಿ, ಬಳಿಕ ಅದನ್ನು ಒಪ್ಪುವ ಅಥವಾ ನಿರಾಕರಿಸುವ ಶಿಸ್ತನ್ನು ಈ ಶಾಸ್ತ್ರ ಕಲಿಸುತ್ತದೆ. ಮತದಾರನಿಗೂ ಆ ಶಿಸ್ತು ಬೇಕಾದದ್ದೇ.