ಬಿಸಿಗಾಳಿಗೂ ಒಂದು ಹೊರದಾರಿ ಬೇಕು

ಡೀಸೆಲ್ ಎಂಜಿನ್ ಕುಡಿದ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಸುಮಾರು ಐದರಲ್ಲಿ ಎರಡು ಪಾಲು. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಹೋಗುತ್ತದೆ, ಒಂದಷ್ಟನ್ನು ನೀರು ಮತ್ತು ಎಣ್ಣೆ ಹೊತ್ತೊಯ್ಯುತ್ತವೆ. ಮಿಕ್ಕಿದ್ದು ಎಂಜಿನ್ನಿನ ಮೈಯಿಂದ, ಟರ್ಬೊದಿಂದ, ಹೊಗೆ ಕೊಳವೆಯಿಂದ ಬಾನೆಟ್ಟಿನೊಳಗೇ ಹರಡುತ್ತದೆ. ಹೆದ್ದಾರಿಯಲ್ಲಿ ಓಡುವ ಲಾರಿಗೆ ಎದುರುಗಾಳಿಯ ನೆರವಿದೆ. ಕೆಟ್ಟ ಗಾಡಿಗಳನ್ನು ಎಳೆಯುವ ರಿಕವರಿ ಲಾರಿಗೆ ಆ ನೆರವಿಲ್ಲ. ಅದು ದುಪ್ಪಟ್ಟು ಭಾರ ಹೊತ್ತು ಕೆಳ ಗೇರಿನಲ್ಲಿ ಘಾಟಿ ಏರುತ್ತದೆ, ಇಲ್ಲವೇ ನಿಂತಲ್ಲೇ ಎಂಜಿನ್ ಓಡಿಸಿ, ಅದರ ಶಕ್ತಿಯನ್ನು ಸಲಕರಣೆಗೆ ದಾಟಿಸುವ ಪಿಟಿಒ ಮೂಲಕ ವಿಂಚ್ ತಿರುಗಿಸುತ್ತದೆ. ಶಾಖ ಹೆಚ್ಚು, ಗಾಳಿ ಕಡಿಮೆ. ಹಾಗಾಗಿ ತಂಪಾಗಿಸುವ ವಿದ್ಯೆಗೆ ಇದಕ್ಕಿಂತ ಕಠಿಣ ಪರೀಕ್ಷೆ ರಸ್ತೆಯ ಮೇಲೆ ಅಪರೂಪ. ಆ ವಿದ್ಯೆ ನೀರಿನಿಂದ ಆರಂಭವಾಗಿ, ಗಾಳಿಗೆ ಬಂದು, ಈಗ ಗಾಳಿ ಹೊರಹೋಗುವ ದಾರಿಯ ಬಳಿ ನಿಂತಿದೆ.

ನೀರಿನ ಕಾಲ

1886ರ ಕಾರ್ಲ್ ಬೆಂಜ್ ಗಾಡಿಯಲ್ಲಿ ನೀರು ಕುದಿದು ಆವಿಯಾಗುವುದೇ ತಂಪಿನ ಉಪಾಯವಾಗಿತ್ತು. ದಾರಿಯುದ್ದಕ್ಕೂ ನೀರು ತುಂಬಿಸಬೇಕಿತ್ತು. ಆ ಕಷ್ಟ ಕಳೆದದ್ದು ವಿಲ್ಹೆಲ್ಮ್ ಮೇಬಾಕ್. 1900-01ರ 35 ಅಶ್ವಶಕ್ತಿಯ ಮರ್ಸಿಡಿಸ್‌ಗೆ ಅವರು ಜೇನುಗೂಡಿನಂಥ ರೇಡಿಯೇಟರ್ ರಚಿಸಿದರು. ಅದರಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಹಿಂದೊಂದು ಫ್ಯಾನ್ ಇತ್ತು. ಒಂಬತ್ತು ಲೀಟರ್ ನೀರು ಸಾಕಾಯಿತು. ಶಾಖ ಕಳೆಯಲು ಬೇಕಾದದ್ದು ನೀರಿನ ಪ್ರಮಾಣವಲ್ಲ, ಗಾಳಿಗೆ ತಾಗುವ ಮೈ ಎಂಬುದನ್ನು ಈ ರಚನೆ ಸ್ಪಷ್ಟಪಡಿಸಿತು.

1916ರಲ್ಲಿ ಅಮೆರಿಕದ ಚಟ್ಟನೂಗ ಪಟ್ಟಣದ ಅರ್ನೆಸ್ಟ್ ಹೋಮ್ಸ್ ಕಾರಿನ ಹಿಂಬದಿಗೆ ಕಂಬ, ರಾಟೆ, ಸರಪಳಿ ಕೂರಿಸಿ ಎಳೆಯುವ ಗಾಡಿಯನ್ನು ರೂಪಿಸಿದರು. 1920ರ ದಶಕದ ನಡುವೆ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ರಸ್ತೆಗಿಳಿದವು. ಈ ಎರಡು ಧಾರೆಗಳು ಕೂಡಿದ ಮೇಲೆ ಎಂಜಿನ್ ಮೇಲಿನ ಹೊರೆ ಏರುತ್ತಲೇ ಹೋಯಿತು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ರೂಪಿಸಿದ ಮೇಣದ ಥರ್ಮೋಸ್ಟಾಟ್ ನೀರಿನ ಹರಿವನ್ನು ಹದಕ್ಕೆ ತಂದಿತು. ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳ ಕುದಿಬಿಂದುವನ್ನು ಮೇಲಕ್ಕೆತ್ತಿತು: ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸವೆದ ಮುಚ್ಚಳವೊಂದೇ ಏರಿನಲ್ಲಿ ಗಾಡಿ ಕುದಿಯಲು ಸಾಕು ಎಂಬುದು ಇದರಿಂದಲೇ ತಿಳಿಯುತ್ತದೆ. ಚೆಕೊಸ್ಲೊವಾಕಿಯದ ಟಾಟ್ರಾದಂಥ ಕಂಪನಿಗಳು ನೀರನ್ನೇ ಬಿಟ್ಟು, ಗಾಳಿಯಿಂದಲೇ ತಣಿಯುವ ದೊಡ್ಡ ಡೀಸೆಲ್ ಎಂಜಿನ್ ಕಟ್ಟಿ ಗೆದ್ದವು. ಆದರೂ ಲಾರಿ ಲೋಕದ ಬಹುಪಾಲು ನೀರಿನ ಜೊತೆಗೇ ಉಳಿಯಿತು.

ಫ್ಯಾನಿನ ಕಾಲ

ಮುಂದಿನ ಗಮನ ಫ್ಯಾನಿನ ಮೇಲೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಶಕ್ತಿ ಎಂಟು ಪಟ್ಟು. ಭಾರಿ ಲಾರಿಯ ಫ್ಯಾನ್ ಪೂರ್ಣ ವೇಗದಲ್ಲಿ ಹತ್ತಾರು ಅಶ್ವಶಕ್ತಿಯನ್ನು ನುಂಗಬಲ್ಲದು. ಬೆಲ್ಟಿಗೆ ನೇರ ಕಟ್ಟಿದ ಫ್ಯಾನ್ ಬೇಡದಾಗಲೂ ತಿರುಗುತ್ತದೆ, ಬೇಕಾದಾಗ ಎಂಜಿನ್ ನಿಧಾನವಾಗಿದ್ದರೆ ಸಾಲದಾಗುತ್ತದೆ. ಇದಕ್ಕೆ ಸಿಲಿಕೋನ್ ಎಣ್ಣೆಯ ಕ್ಲಚ್ ಬಂತು: ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದರೆ ಮುಂದಿನ ಲೋಹದ ಸುರುಳಿ ಸಡಿಲಗೊಂಡು ಎಣ್ಣೆಗೆ ದಾರಿ ಬಿಡುತ್ತದೆ, ಆಗ ಫ್ಯಾನ್ ಬಿಗಿಯಾಗಿ ತಿರುಗುತ್ತದೆ. ಭಾರಿ ಲಾರಿಗಳಿಗೆ ಗಾಳಿಯೊತ್ತಡದಿಂದ ಕಚ್ಚುವ ಕ್ಲಚ್ ಬಂತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲು ಇವೆರಡೂ ಬೇಡಿಕೆಗೆ ಬಂದವು. ಈಗ ಕ್ಲಚ್ಚಿಗೆ ಆಜ್ಞೆ ಕೊಡುವುದು ಎಂಜಿನ್ನಿನ ಕಂಪ್ಯೂಟರ್.

ಫ್ಯಾನಿನಷ್ಟೇ ಮುಖ್ಯ ಅದರ ಸುತ್ತಲಿನ ಕವಚ, ಶ್ರೌಡ್. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಹೊಸ ಗಾಳಿ ಎಳೆಯುವ ಬದಲು, ಎಂಜಿನ್ ಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಅಲಗಿನ ತುದಿಗೂ ಕವಚಕ್ಕೂ ಅಂತರ ಹೆಚ್ಚಿದಷ್ಟೂ ಗಾಳಿ ಸೋರಿಹೋಗುತ್ತದೆ.

ಸಾಲುಗಟ್ಟಿದ ಕೂಲರ್‌ಗಳು

ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಬಂದಾಗ ಕಥೆ ತಿರುವು ಪಡೆಯಿತು. ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ ಈ ಉಪಾಯ ಐವತ್ತರ ದಶಕದಿಂದ ಲಾರಿಗಳಲ್ಲಿ ನೆಲೆಯೂರಿತು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಬೇಕಾಯಿತು. ಅದು ರೇಡಿಯೇಟರಿನ ಮುಂದೆ ಬಂದು ಕುಳಿತಿತು. ಗೇರ್‌ಬಾಕ್ಸ್ ಎಣ್ಣೆಯ ಕೂಲರ್ ಮತ್ತು ಎಸಿ ಕಂಡೆನ್ಸರ್ ಅದರ ಜೊತೆ ಸೇರಿದವು. ಹೀಗೆ ರೇಡಿಯೇಟರಿಗೆ ತಲುಪುವ ಗಾಳಿ ಮೊದಲೇ ಬೆಚ್ಚಗಾಗಿರುತ್ತದೆ.

ಮಾಲಿನ್ಯ ನಿಯಮಗಳು ಹೊರೆಯನ್ನು ಇನ್ನಷ್ಟು ಏರಿಸಿದವು. ಹೊಗೆಯ ಒಂದು ಪಾಲನ್ನು ತಣಿಸಿ ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್, ತನ್ನ ಶಾಖವನ್ನು ಎಂಜಿನ್ ತಣಿಸುವ ದ್ರವಕ್ಕೇ, ಅಂದರೆ ಕೂಲಂಟ್‌ಗೇ ಸುರಿಯುತ್ತದೆ. ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ಸುಟ್ಟು ಶುಚಿಗೊಳಿಸಿಕೊಳ್ಳುವಾಗ ಹೊಗೆಯ ಬಿಸಿ 600 ಡಿಗ್ರಿಯ ಸುಮಾರಿಗೆ ಏರುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ಮಾಲಿನ್ಯ ನಿಯಮ ಜಾರಿಯಾದ ಮೇಲೆ ನಮ್ಮ ಲಾರಿಗಳಿಗೂ ಇಂಥ ಉಪಕರಣಗಳು ಬಂದವು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಚಾಲಕನ ಬೆವರಿಗೆ ಕೊನೆಗೂ ಸಿಕ್ಕ ನ್ಯಾಯ ಅದು. ಆದರೆ ರೇಡಿಯೇಟರಿನ ಮುಂದೆ ಮತ್ತೊಂದು ಬಿಸಿ ಜಾಲರಿ ಬಂತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊರದಾರಿಯ ಕಾಲ

ಈ ಹಂತದಲ್ಲಿ ಎಂಜಿನಿಯರುಗಳ ಪ್ರಶ್ನೆಯೇ ಬದಲಾಯಿತು. ಗಾಳಿ ಎಷ್ಟು ಒಳಬಂತು ಎನ್ನುವುದಕ್ಕಿಂತ, ಎಲ್ಲಿಂದ ಹೊರಹೋಯಿತು ಎನ್ನುವುದು ಮುಖ್ಯವಾಯಿತು. ಹಿಂದಿನ ಬಾಗಿಲು ಮುಚ್ಚಿದ ಮನೆಗೆ ಮುಂಬಾಗಿಲಿನಿಂದ ಗಾಳಿ ನುಗ್ಗದು. ಬಾನೆಟ್ಟಿನ ಕಥೆಯೂ ಅದೇ. ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ ಬೆಳೆದಂತೆ ಹಲವು ನಂಬಿಕೆಗಳು ಬಿದ್ದವು. ಬಾನೆಟ್ಟಿನ ಹಿಂತುದಿಯನ್ನು ತುಸು ಎತ್ತಿದರೆ ಬಿಸಿ ಹೊರಹೋಗುತ್ತದೆ ಎನ್ನುತ್ತಾರೆ. ನಿಂತಾಗ ಅದು ನಿಜ. ವೇಗದಲ್ಲಿ ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಆ ಸಂದಿನಿಂದ ಗಾಳಿ ಒಳಗೇ ನುಗ್ಗಬಹುದು. ಕಿಂಡಿಗಳಿಗೆ ತಕ್ಕ ಜಾಗ, ಬಾನೆಟ್ಟಿನ ಮುಂಭಾಗದಲ್ಲಿ ಒತ್ತಡ ಕುಗ್ಗುವ ಕಡೆ.

ನಿಂತ ಗಾಡಿಯಲ್ಲಿ ಇನ್ನೊಂದು ತೊಂದರೆಯಿದೆ. ಎಂಜಿನ್ ಕಡೆಯ ಬಿಸಿಗಾಳಿ ಅಂಚುಗಳಿಂದ ತೂರಿ ರೇಡಿಯೇಟರಿನ ಮುಂದಕ್ಕೆ ಮರಳುತ್ತದೆ. ರೇಡಿಯೇಟರಿಗೂ ಬಾಡಿಗೂ ನಡುವಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಇದು ತಗ್ಗುತ್ತದೆ. ಖರ್ಚು ಅಲ್ಪ, ಫಲ ದೊಡ್ಡದು. ಟರ್ಬೊ ಮತ್ತು ಹೊಗೆ ಕೊಳವೆಗೆ ಶಾಖ ತಡೆಯುವ ತಗಡು ಹೊದಿಸಿದರೆ ಹೋಸ್, ವೈರಿಂಗ್, ಆಲ್ಟರ್ನೇಟರ್‌ಗಳ ಆಯಸ್ಸು ಉಳಿಯುತ್ತದೆ.

ಅಳೆಯುವ ಕ್ರಮವೂ ಮಾಗಿತು. ಬಿಸಿ ಮುಳ್ಳನ್ನಷ್ಟೇ ನೋಡುವುದಲ್ಲ, ಹೊರಗಿನ ಹವೆಗೂ ಕೂಲಂಟಿಗೂ ಇರುವ ಅಂತರವನ್ನು ನೋಡಬೇಕು. ಹೊರಗೆ 30 ಡಿಗ್ರಿ ಇದ್ದಾಗ ಪೂರ್ಣ ಭಾರದಲ್ಲಿ ಕೂಲಂಟ್ 95ರಲ್ಲಿ ನಿಂತರೆ ಅಂತರ 65. ಮಿತಿ 105 ಎಂದಾದರೆ ಆ ಗಾಡಿ ಸುಮಾರು 40 ಡಿಗ್ರಿಯ ಬಿಸಿಲಿನವರೆಗೆ ದುಡಿದೀತು. ಅಮೆರಿಕದಲ್ಲಿ ಎಳೆಯುವ ಪಿಕಪ್‌ಗಳಿಗಾಗಿ ಬಂದ ಎಸ್‌ಎಇ ಜೆ2807 ಮಾನದಂಡ ಇದನ್ನು ರಸ್ತೆಯಲ್ಲೇ ಪರೀಕ್ಷಿಸುತ್ತದೆ: ಅರಿಜೋನದ ಡೇವಿಸ್ ಡ್ಯಾಮ್ ಏರು, ಸುಮಾರು 18 ಕಿಲೋಮೀಟರ್, ಹೊರಗೆ ಕನಿಷ್ಠ 38 ಡಿಗ್ರಿ ಬಿಸಿ, ಎಸಿ ಪೂರ್ತಿ ಚಾಲು.

ನಮ್ಮ ಏರುಗಳಿಗೆ

ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಬಲ್ಲ ನಮಗೆ ಅಂಥ ಏರು ಹೊಸದಲ್ಲ. ನಮ್ಮ ಲಾರಿಗಳಲ್ಲಿ ಎಂಜಿನ್ ಹೆಚ್ಚಾಗಿ ಕ್ಯಾಬಿನ್ನಿನ ಅಡಿಯಲ್ಲಿದೆ. ಬಿಸಿಗಾಳಿ ಹೊರಡಬೇಕಾದದ್ದು ಕೆಳಗಿನಿಂದ, ಹಿಂದಿನಿಂದ. ಚಾಸಿಗೆ ಕ್ರೇನ್, ಎಣ್ಣೆ ಟ್ಯಾಂಕ್, ಸಲಕರಣೆ ಪೆಟ್ಟಿಗೆ ಕೂರಿಸುವಾಗ ಸರಿಯಾಗಿ ಅದೇ ಜಾಗ ಮುಚ್ಚಿಹೋಗುವ ಅಪಾಯವಿದೆ. ಗಾಡಿ ಕುದಿಯತೊಡಗಿದಾಗ ದೊಡ್ಡ ರೇಡಿಯೇಟರಿಗೆ ಹಣ ಸುರಿಯುವುದು ರೂಢಿ. ಕ್ರಮ ಬೇರೆಯಾಗಿರಬೇಕು: ಮೊದಲು ಜಾಲರಿಯ ಧೂಳು, ಮುಚ್ಚಳ, ಫ್ಯಾನ್ ಕ್ಲಚ್, ಆಮೇಲೆ ಶ್ರೌಡ್ ಮತ್ತು ಸಂದಿನ ಪಟ್ಟಿ, ಅನಂತರ ಹೊರದಾರಿ ಮತ್ತು ಶಾಖ ತಡೆ, ಎಲ್ಲ ಮುಗಿದ ಮೇಲೂ ಸಾಲದಿದ್ದರೆ ಮಾತ್ರ ರೇಡಿಯೇಟರ್. ರಿಕವರಿ ಬಾಡಿ ಕಟ್ಟುವವರು ಭಾರದ ಹಂಚಿಕೆಯನ್ನು ನಕ್ಷೆಯಲ್ಲಿ ತೋರಿಸುವಂತೆ ಗಾಳಿಯ ಹೊರದಾರಿಯನ್ನೂ ತೋರಿಸಬೇಕು. ಕೆಟ್ಟು ನಿಂತವರ ನೆರವಿಗೆ ಹೊರಟ ಗಾಡಿ ತಾನೇ ಕೆಟ್ಟು ನಿಲ್ಲಬಾರದು. ಅದಕ್ಕೆ ಬೇಕಾದ ತಿಳಿವಳಿಕೆ ಈಗ ನಮ್ಮ ಕೈಯಲ್ಲಿದೆ.