ವಾಯುಮಾಲಿನ್ಯ ಮತ್ತು ಧಮನಿಗಳ ಪೆಡಸುತನ: ರಾಯಚೂರು ಸೀಮೆ

ಹೃದಯವು ಸಂಕುಚಿಸಿದಾಗ ಹೊರಬಿದ್ದ ರಕ್ತವನ್ನು ಹಿಗ್ಗಿ ತುಂಬಿಕೊಂಡು, ಅದು ವಿಶ್ರಮಿಸುವಾಗ ಮೆಲ್ಲನೆ ಮುಂದಕ್ಕೆ ಒತ್ತಿ ಕಳುಹಿಸುವ ಗುಣವು ಮಹಾಧಮನಿಗೂ ಅದರ ಹಿರಿಯ ಕವಲುಗಳಿಗೂ ಸಹಜವಾದುದು. ಧಮನಿಯ ಭಿತ್ತಿಯಲ್ಲಿರುವ ಇಲಾಸ್ಟಿನ್ ಎಂಬ ಹಿಗ್ಗುವ ತಂತುಗಳು ಸವೆದು, ಬಿಗುವಾದ ಕೊಲ್ಲಾಜೆನ್ ತಂತುಗಳೇ ಮೇಲುಗೈಯಾದಾಗ ಈ ಗುಣ ಕುಂದುತ್ತದೆ. ಇದನ್ನು ಧಮನಿಗಳ ಪೆಡಸುತನ ಎನ್ನುವರು. ವಯಸ್ಸಾದಂತೆ ಎಲ್ಲರಲ್ಲಿಯೂ ತೋರತಕ್ಕ ಈ ವಿಕಾರವು ಬೇರಾವ ರೋಗವೂ ಇಲ್ಲದ ಆರೋಗ್ಯವಂತರಲ್ಲಿಯೂ ಅಕಾಲದಲ್ಲಿ ಮೊದಲಾಗುವುದಕ್ಕೆ ವಾಯುಮಾಲಿನ್ಯವು ಒಂದು ಮುಖ್ಯ ಕಾರಣವೆಂದು ಕಳೆದ ಎರಡು ದಶಕಗಳ ಸಂಶೋಧನೆಗಳು ತೋರಿಸಿವೆ.

ಪೆಡಸುತನವನ್ನು ಅಳೆಯುವ ಮಾನದಂಡವು ನಾಡಿಯಲೆಯ ವೇಗ. ಕತ್ತಿನ ಧಮನಿಯಿಂದ ತೊಡೆಯ ಧಮನಿಯವರೆಗೆ ಅಲೆಯು ಆರೋಗ್ಯವಂತ ತರುಣರಲ್ಲಿ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಸಾಗುತ್ತದೆ. 10 ಮೀಟರನ್ನು ಮೀರಿದರೆ ಹೃದ್ರೋಗದ ಅಪಾಯ ಹೆಚ್ಚೆಂದು 2012ರಿಂದ ಯುರೋಪಿನ ತಜ್ಞರು ಗಣಿಸುತ್ತಾರೆ. ಪೆಡಸಾದ ನಾಳದಲ್ಲಿ ಅಲೆಯು ಬೇಗನೆ ಓಡಿ, ಪ್ರತಿಫಲಿಸಿ, ಹೃದಯವು ಇನ್ನೂ ರಕ್ತವನ್ನು ದೂಡುತ್ತಿರುವಾಗಲೇ ಹಿಂದಿರುಗುವುದರಿಂದ ಮೇಲಿನ ರಕ್ತದೊತ್ತಡ ಏರುತ್ತದೆ, ಹೃದಯದ ಶ್ರಮ ಹೆಚ್ಚುತ್ತದೆ.

2.5 ಮೈಕ್ರಾನ್‌ಗಿಂತ ಕಿರಿದಾದ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಹೊಕ್ಕು ಉರಿಯೂತವನ್ನು ಕೆರಳಿಸುವುದರಿಂದ, ನಾಳದ ಒಳಪೊರೆ ಸ್ರವಿಸುವ, ನಾಳವನ್ನು ಸಡಿಲಿಸತಕ್ಕ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ. ಅನುವೇದನಾ (ಸಿಂಪಥೆಟಿಕ್) ನರಗಳು ಕೆರಳಿ ನಾಳಗಳು ಬಿಗಿಯುತ್ತವೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕರು ಒಂದು ಗಂಟೆ ಡೀಸೆಲ್ ಹೊಗೆಯನ್ನು ಉಸಿರಾಡಿದ ಕೂಡಲೆ ಅವರ ಧಮನಿಗಳು ತಾತ್ಕಾಲಿಕವಾಗಿ ಪೆಡಸಾದುದು ಕಂಡುಬಂದಿತು. ಆ ತಾತ್ಕಾಲಿಕ ಪೆಡಸುತನವು ದಿನವೂ ಮರುಕಳಿಸುವ ಊರುಗಳ ವಿಷಯವೇ ಚಿಂತಾಜನಕವಾದುದು.

ಅಂಥ ಊರುಗಳ ಸಾಲಿನಲ್ಲಿ ರಾಯಚೂರು ಸೇರುತ್ತದೆ. 1985ರಲ್ಲಿ ಮೊದಲ ಘಟಕ ಚಾಲನೆಗೊಂಡ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವು ಇಂದು ಎಂಟು ಘಟಕಗಳಿಂದ 1720 ಮೆಗಾವಾಟ್ ಸಾಮರ್ಥ್ಯವುಳ್ಳದ್ದು. ಸಮೀಪದ ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳುಂಟು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಭಾಗ ಬೂದಿಯೇ ಇರುವುದರಿಂದ ಧೂಳುಗ್ರಾಹಕ ಯಂತ್ರಗಳು ಎಷ್ಟನ್ನು ಹಿಡಿದರೂ ಹಾರುಬೂದಿಯ ಸೂಕ್ಷ್ಮಾಂಶ ಗಾಳಿಗೆ ಸೇರದಿರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಮಾನ್ವಿಯಲ್ಲಿ ರೈಸ್ ಮಿಲ್ಲುಗಳ ಬಾಯ್ಲರುಗಳು ಹೊಟ್ಟನ್ನು ಉರಿಸುತ್ತವೆ. ಕೊಯ್ಲಾದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿಯಿಡುವುದೂ ಉಂಟು.

ದೇವದುರ್ಗದ ಹಳ್ಳಿಗಳಲ್ಲಿ ಚಿಮಣಿ ದೂರವಿದ್ದರೂ ಒಲೆ ಹತ್ತಿರವಿದೆ. ಬೆಳೆ ಮುಗಿದ ಮೇಲೆ ಹೊಲದಿಂದ ಹೊತ್ತು ತಂದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜೊತೆಗೆ ಕುಳ್ಳು, ಇವೇ ಬಡವರ ಇಂಧನ. ಹತ್ತಿಕಟ್ಟಿಗೆಯು ಭುಗ್ಗನೆ ಹೊತ್ತಿ ಬೇಗನೆ ಉರಿದುಹೋಗತಕ್ಕದ್ದಾದುದರಿಂದ, ಜೋಳದ ರೊಟ್ಟಿ ಬಡಿಯುವಾಕೆ ಒಂದು ಕೈಯಲ್ಲಿ ರೊಟ್ಟಿ ತಿರುವುತ್ತ ಇನ್ನೊಂದರಿಂದ ಕಟ್ಟಿಗೆಯನ್ನು ಒಳನೂಕುತ್ತ, ಹೊಗೆಯ ಬಾಯಿಗೇ ಮುಖವೊಡ್ಡಿ ಕುಳಿತಿರಬೇಕಾಗುತ್ತದೆ. ಅಡುಗೆ ಅನಿಲದ ಸಿಲಿಂಡರು ಮನೆಗೆ ಬಂದ ಮೇಲೂ ಅದರ ಬೆಲೆಯ ಭಯದಿಂದ ರೊಟ್ಟಿಯ ಒಲೆ ಆರದಿರುವ ಮನೆಗಳಿವೆ.

ಈ ಸೀಮೆಗೆ ಸಮೀಪವಾದ ಮಹತ್ತ್ವದ ಅಧ್ಯಯನವು, ಹೈದರಾಬಾದಿನ ದಕ್ಷಿಣದ 28 ಹಳ್ಳಿಗಳಲ್ಲಿ ನಡೆಯಿತು. 2020ರಲ್ಲಿ ಪ್ರಕಟವಾದ ಅದರ ವರದಿಯಂತೆ, ಮೂರು ಸಾವಿರಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಲಾಗಿ, ಸೂಕ್ಷ್ಮಕಣಗಳು ಹೆಚ್ಚಿದ್ದಲ್ಲಿ ಕತ್ತಿನ ಧಮನಿಯ ಭಿತ್ತಿ ಹೆಚ್ಚು ದಪ್ಪವಾಗಿತ್ತು. ಹೊಗೆಗೆ ಹೊರದಾರಿಯಿಲ್ಲದ ಒಲೆಯಲ್ಲಿ ಅಡುಗೆ ಮಾಡುವ ಹೆಂಗಸರಲ್ಲಿ ಒಲೆಯ ಇಂಧನಕ್ಕೂ ಭಿತ್ತಿಯ ದಪ್ಪಕ್ಕೂ ಇರುವ ಸಂಬಂಧ ಎದ್ದು ಕಂಡಿತು. ಭಿತ್ತಿ ದಪ್ಪವಾಗುವುದೂ ಪೆಡಸಾಗುವುದೂ ಒಂದೇ ಅಲ್ಲ, ಆದರೆ ಒಂದೇ ಹಾನಿಯ ಎರಡು ಮುಖಗಳು. ಗಮನಿಸಬೇಕಾದುದೇನೆಂದರೆ, ಅಲ್ಲಿನ ಸೂಕ್ಷ್ಮಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ ಸುಮಾರು 33 ಮೈಕ್ರೋಗ್ರಾಂ, ಅಂದರೆ ಭಾರತದ 40ರ ಮಿತಿಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿಯಾದರೋ ಕೇವಲ 5. ಕಾನೂನಿನ ಮಿತಿಯೊಳಗಿದ್ದೇವೆಂಬ ಸಮಾಧಾನವು ಧಮನಿಗಳಿಗೆ ರಕ್ಷೆಯಲ್ಲ.

ನಾಡಿಯಲೆಯ ವೇಗವನ್ನು ಅಳೆಯಲು ಸೂಜಿ ಚುಚ್ಚಬೇಕಿಲ್ಲ, ರಕ್ತ ತೆಗೆಯಬೇಕಿಲ್ಲ. ಶಕ್ತಿನಗರದ ಕಾರ್ಮಿಕರು, ಮಾನ್ವಿಯ ಮಿಲ್ಲುಗಳ ಹಮಾಲರು, ದೇವದುರ್ಗದ ಒಲೆಯ ಮುಂದಿನ ತಾಯಂದಿರು, ಇವರೆಲ್ಲ ಇನ್ನೂ ಆರೋಗ್ಯವಂತರಾಗಿರುವಾಗಲೇ ಅದನ್ನು ವರ್ಷವರ್ಷವೂ ಅಳೆದು ದಾಖಲಿಸುವ ಕಾರ್ಯವನ್ನು ರಾಯಚೂರಿನ ವೈದ್ಯಕೀಯ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.